ಟೋಕಿಯೊ, 13 ಡಿಸೆಂಬರ್ 1981: ಫ್ಲಮೆಂಗೊ–ಲಿವರ್‌ಪೂಲ್ ಫೈನಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಫುಟ್‌ಬಾಲ್ ಬಗ್ಗೆ ಮಾತು ಶುರುವಾದರೆ ನಾನು ಸುತ್ತಿ ಬಳಸಿ ಬಂದು ನಿಲ್ಲುವುದು ಇದೇ ಪಂದ್ಯದ ಹತ್ತಿರ. ಕೇಳುವವರೂ ಹೆಚ್ಚಾಗಿ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಆ ಕಪ್ ಯಾವುದು? ಜಪಾನ್‌ನಲ್ಲಿ ಯಾಕೆ ಆಡಿದರು? ಲಿವರ್‌ಪೂಲ್ ನಿಜವಾಗಿ ಮನಸ್ಸಿಟ್ಟು ಆಡಿತ್ತಾ? ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತಿದ್ದೇನೆ.

ಚುಟುಕಾಗಿ ಹೇಳಿ, ಆ ದಿನ ಏನಾಯಿತು?

ಟೋಕಿಯೊದ ನ್ಯಾಷನಲ್ ಸ್ಟೇಡಿಯಂ. ಸುಮಾರು 62,000 ಜನ. ಯುರೋಪಿಯನ್ ಕಪ್ ಗೆದ್ದ ಲಿವರ್‌ಪೂಲ್ ಒಂದು ಕಡೆ, ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್ ಆದ ಕೋಪಾ ಲಿಬರ್ತದೋರೆಸ್ ಗೆದ್ದ ಬ್ರೆಜಿಲ್‌ನ ಫ್ಲಮೆಂಗೊ ಇನ್ನೊಂದು ಕಡೆ. 12ನೇ ನಿಮಿಷ ನೂನೆಸ್, 34ನೇ ನಿಮಿಷ ಅಡೀಲಿಯೊ, 41ನೇ ನಿಮಿಷ ಮತ್ತೆ ನೂನೆಸ್. ಫ್ಲಮೆಂಗೊ 3, ಲಿವರ್‌ಪೂಲ್ 0. ದ್ವಿತೀಯಾರ್ಧದಲ್ಲಿ ಗೋಲೇ ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಇದು ಯಾವ ಕಪ್? ವಿಶ್ವಕಪ್ ಅಂತೂ ಅಲ್ಲ, ಅಲ್ವಾ?

ದೇಶಗಳ ವಿಶ್ವಕಪ್ ಅಲ್ಲ. ಇದು ಇಂಟರ್‌ಕಾಂಟಿನೆಂಟಲ್ ಕಪ್, ಕ್ಲಬ್‌ಗಳದ್ದು. 1960ರಲ್ಲಿ ಶುರುವಾಯಿತು. ಯುರೋಪಿನಲ್ಲಿ ಗೆದ್ದ ಕ್ಲಬ್ಬೂ ದಕ್ಷಿಣ ಅಮೆರಿಕದಲ್ಲಿ ಗೆದ್ದ ಕ್ಲಬ್ಬೂ ಎದುರುಬದುರಾದರೆ ಜಗತ್ತಿನಲ್ಲಿ ಯಾರು ದೊಡ್ಡವರು ಅಂತ ಗೊತ್ತಾಗುತ್ತದೆ ಅನ್ನುವುದು ಲೆಕ್ಕಾಚಾರ. ಆಗಿನ ಕಾಲಕ್ಕೆ ಅದು ತಪ್ಪು ಲೆಕ್ಕಾಚಾರವೂ ಅಲ್ಲ. ಕ್ಲಬ್ ಫುಟ್‌ಬಾಲ್‌ನ ಬಲವೆಲ್ಲ ಬಹುಪಾಲು ಈ ಎರಡು ಖಂಡಗಳಲ್ಲೇ ಇತ್ತು.

ಮೊದಲು ಎರಡು ಪಂದ್ಯ ಆಡುತ್ತಿದ್ದರು. ಒಂದು ನಮ್ಮ ಊರಲ್ಲಿ, ಇನ್ನೊಂದು ನಿಮ್ಮ ಊರಲ್ಲಿ. ಮೊದಲ ವರ್ಷ ರಿಯಲ್ ಮ್ಯಾಡ್ರಿಡ್ ಉರುಗ್ವೆಯ ಪೆನ್ಯರೋಲ್ ವಿರುದ್ಧ ಮಾಂಟೆವಿಡಿಯೊದಲ್ಲಿ 0–0 ಆಡಿತು. ತನ್ನ ಊರಿನಲ್ಲಿ 5–1 ಗೆದ್ದಿತು. 1962ರಲ್ಲಿ ಸ್ಯಾಂಟೋಸ್ ಲಿಸ್ಬನ್‌ಗೆ ಹೋಗಿ ಬೆನ್ಫಿಕಾವನ್ನು 5–2ರಿಂದ ಸೋಲಿಸಿತು. ಆ ದಿನ ಪೆಲೆ ಮೂರು ಗೋಲು ಹೊಡೆದರು.

ಹಾಗಾದರೆ ಜಪಾನ್‌ನಲ್ಲಿ ಯಾಕೆ ಆಡಿದರು?

ಅರವತ್ತರ ದಶಕದ ಕೊನೆಗೆ ಈ ಕಪ್ ಕೆಟ್ಟು ಕೂತಿತ್ತು. 1967ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ಮತ್ತು ಅರ್ಜೆಂಟೀನಾದ ರೇಸಿಂಗ್ ಆಡಿದ ನಿರ್ಣಾಯಕ ಮೂರನೇ ಪಂದ್ಯದಲ್ಲಿ ಎರಡೂ ಕಡೆಯ ಆಟಗಾರರನ್ನು ಒಬ್ಬರ ಹಿಂದೆ ಒಬ್ಬರಂತೆ ಹೊರಗೆ ಕಳಿಸಬೇಕಾಯಿತು. 1969ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಿಲಾನ್ ತಂಡದ ನೆಸ್ಟರ್ ಕೊಂಬಿನ್ ಮುಖವೆಲ್ಲ ರಕ್ತವಾಗಿತ್ತು. ಎದುರಾಳಿ ಎಸ್ತುಡಿಯಾಂತೆಸ್ ತಂಡದ ಆಟಗಾರರು ಜೈಲು ಕಂಡರು.

ಇದನ್ನೆಲ್ಲ ನೋಡಿ ಯುರೋಪಿನ ಕ್ಲಬ್‌ಗಳು ಹಿಂದೆ ಸರಿದವು. ದೂರದ ಪ್ರಯಾಣ, ದುಡ್ಡು ಕಡಿಮೆ, ಮೇಲೆ ಕಾಲು ಮುರಿದುಕೊಳ್ಳುವ ಭಯ. ಅಯಾಕ್ಸ್ 1971 ಮತ್ತು 1973ರಲ್ಲಿ ಬರಲ್ಲ ಅಂದಿತು. ಬಯರ್ನ್ ಮ್ಯೂನಿಕ್ 1974ರಲ್ಲಿ ಬರಲ್ಲ ಅಂದಿತು. ಆ ಜಾಗಕ್ಕೆ ಬಂದ ಅಟ್ಲೆಟಿಕೊ ಮ್ಯಾಡ್ರಿಡ್, ಯುರೋಪಿನ ಫೈನಲ್‌ನಲ್ಲಿ ಸೋತ ತಂಡ, ಕಪ್ಪನ್ನೇ ಗೆದ್ದುಬಿಟ್ಟಿತು. 1975 ಮತ್ತು 1978ರಲ್ಲಿ ಪಂದ್ಯ ನಡೆಯಲೇ ಇಲ್ಲ.

ಇದನ್ನು ಉಳಿಸಿದ್ದು ಟೊಯೊಟಾ ಕಂಪನಿಯ ದುಡ್ಡು ಮತ್ತು ಜಪಾನ್‌ನ ಆಸಕ್ತಿ. ಎರಡು ಪಂದ್ಯ ಬೇಡ, ಯಾರ ಊರೂ ಅಲ್ಲದ ಟೋಕಿಯೊದಲ್ಲಿ ಒಂದೇ ಪಂದ್ಯ ಸಾಕು ಅಂತ ತೀರ್ಮಾನವಾಯಿತು. ಹೊಸ ರೀತಿಯ ಮೊದಲ ಪಂದ್ಯ 1981ರ ಫೆಬ್ರವರಿಯಲ್ಲಿ. ಉರುಗ್ವೆಯ ನಾಸಿಯೊನಲ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು 1–0ರಿಂದ ಸೋಲಿಸಿತು. ಅದು 1980ರ ಲೆಕ್ಕದ ಕಪ್. ಅದೇ ವರ್ಷ ಡಿಸೆಂಬರ್‌ನಲ್ಲಿ ನಡೆದದ್ದು ನಮ್ಮ ಪಂದ್ಯ. ಇಸವಿ ನೋಡಿ ಗೊಂದಲವಾಗುವವರು ಇದನ್ನು ನೆನಪಿಟ್ಟುಕೊಳ್ಳಿ.

ಲಿವರ್‌ಪೂಲ್ ಅಲ್ಲಿಗೆ ಬಂದದ್ದು ಹೇಗೆ?

1981ರ ಮೇ 27ರಂದು ಪ್ಯಾರಿಸ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 1–0 ಗೆದ್ದು. ಗೋಲು ಹೊಡೆದದ್ದು ಲೆಫ್ಟ್ ಬ್ಯಾಕ್ ಅಲನ್ ಕೆನಡಿ. ಐದು ವರ್ಷದಲ್ಲಿ ಅದು ಅವರ ಮೂರನೇ ಯುರೋಪಿಯನ್ ಕಪ್. ಹಿಂದೆ 1977 ಮತ್ತು 1978ರಲ್ಲೂ ಗೆದ್ದಿದ್ದರು, ಆದರೆ ಆಗ ಈ ಪಂದ್ಯಕ್ಕೆ ಹೋಗಿರಲಿಲ್ಲ. ಕೋಚ್ ಬಾಬ್ ಪೇಸ್ಲಿ. ಆ ಕಾಲದ ಯುರೋಪಿನಲ್ಲಿ ಅವರಿಗಿಂತ ದೊಡ್ಡ ಹೆಸರಿನ ತಂಡ ಇರಲಿಲ್ಲ.

ಫ್ಲಮೆಂಗೊ?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ನನ್ನ ಪ್ರಕಾರ ಫೈನಲ್‌ನ ಅರ್ಧ ಕತೆ ಇಲ್ಲೇ ಇದೆ.

ಫ್ಲಮೆಂಗೊ ರಿಯೊ ಡಿ ಜನೈರೊದ ಕ್ಲಬ್. ಬ್ರೆಜಿಲ್‌ನಲ್ಲಿ ಅತಿ ಹೆಚ್ಚು ಅಭಿಮಾನಿಗಳಿರುವ ಕ್ಲಬ್ ಅದೇ. ಆದರೂ ಲಿಬರ್ತದೋರೆಸ್ ಆಡಿದ್ದು ಅದೇ ಮೊದಲ ಸಲ. ಗುಂಪು ಹಂತದಲ್ಲೇ ಬ್ರೆಜಿಲ್‌ನ ಇನ್ನೊಂದು ತಂಡ ಅಟ್ಲೆಟಿಕೊ ಮಿನೇರೊ ಜೊತೆ ಅಂಕ ಸಮವಾಗಿ, ಗೊಯಾನಿಯಾದಲ್ಲಿ ಹೆಚ್ಚುವರಿ ಪಂದ್ಯ ಇಟ್ಟರು. ರೆಫರಿ ಅಟ್ಲೆಟಿಕೊದ ಐವರನ್ನು ಹೊರಗೆ ಹಾಕಿದರು. ಪಂದ್ಯ ಅಲ್ಲಿಗೇ ನಿಂತು ಫ್ಲಮೆಂಗೊ ಮುಂದೆ ಹೋಯಿತು. ಮಿನೇರೊ ಅಭಿಮಾನಿಗಳಿಗೆ ಆ ನೋವು ಇನ್ನೂ ಆರಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಫ್ಲಮೆಂಗೊ ಕತೆ ಹೇಳುವವರು ಇದನ್ನು ಬಿಟ್ಟು ಹೇಳಬಾರದು.

ಲಿಬರ್ತದೋರೆಸ್ ಫೈನಲ್‌ನಲ್ಲಿ ಎದುರಾದದ್ದು ಚಿಲಿಯ ಕೊಬ್ರೆಲೋವಾ. ತಾಮ್ರದ ಗಣಿ ಊರಿನ ತಂಡ. ರಿಯೊದ ಮರಕಾನಾ ಮೈದಾನದಲ್ಲಿ ಫ್ಲಮೆಂಗೊ 2–1 ಗೆದ್ದಿತು. ಸ್ಯಾಂಟಿಯಾಗೊದಲ್ಲಿ 0–1 ಸೋತಿತು. ಆ ಎರಡನೇ ಪಂದ್ಯ ಬಹಳ ಒರಟಾಗಿತ್ತು. ಮೂರನೆಯದು ನವೆಂಬರ್ 23ಕ್ಕೆ ಮಾಂಟೆವಿಡಿಯೊದಲ್ಲಿ. ಫ್ಲಮೆಂಗೊ 2–0. ಈ ಮೂರು ಪಂದ್ಯಗಳಲ್ಲಿ ಫ್ಲಮೆಂಗೊ ಹೊಡೆದ ನಾಲ್ಕಕ್ಕೆ ನಾಲ್ಕೂ ಗೋಲು ಮಿಡ್‌ಫೀಲ್ಡರ್ ಜಿಕೋ ಅವರದೇ.

ಆ ಸಂತೋಷ ನಾಲ್ಕು ದಿನ ಉಳಿಯಿತು ಅಷ್ಟೇ. ನವೆಂಬರ್ 27ರಂದು ಕ್ಲಾಡಿಯೊ ಕೂಟಿನ್ಯೊ ರಿಯೊ ಕಡಲಲ್ಲಿ ಡೈವಿಂಗ್ ಮಾಡುವಾಗ ಮುಳುಗಿ ತೀರಿಕೊಂಡರು. 1978ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ಕೋಚ್ ಆಗಿದ್ದವರು. ಅದಕ್ಕಿಂತ ಮುಖ್ಯವಾಗಿ, ಈ ಫ್ಲಮೆಂಗೊ ತಂಡವನ್ನು ಕಟ್ಟಿದವರೇ ಅವರು. ಹುಡುಗರಾಗಿದ್ದವರನ್ನು ಕರೆದು ಆಡಿಸಿ ಬೆಳೆಸಿದವರು. ತಂಡ ಟೋಕಿಯೊಗೆ ಹೊರಟಾಗ ಆ ದುಃಖ ಹಸಿಯಾಗಿತ್ತು.

ನಡುವೆ ಇನ್ನೊಂದು ಫೈನಲ್. ಡಿಸೆಂಬರ್ 6ರಂದು ರಿಯೊ ರಾಜ್ಯ ಚಾಂಪಿಯನ್‌ಷಿಪ್ ತೀರ್ಮಾನಿಸುವ ಪಂದ್ಯ, ವಾಸ್ಕೊ ಡ ಗಾಮಾ ವಿರುದ್ಧ. ಫ್ಲಮೆಂಗೊ 2–1. ಗೋಲು ಹೊಡೆದವರು ಅಡೀಲಿಯೊ ಮತ್ತು ನೂನೆಸ್. ಒಂದು ವಾರಕ್ಕೆ ಸರಿಯಾಗಿ ಟೋಕಿಯೊ. ನವೆಂಬರ್ 23, ಡಿಸೆಂಬರ್ 6, ಡಿಸೆಂಬರ್ 13. ಮೂರು ವಾರದೊಳಗೆ ಮೂರು ಕಪ್.

ತಂಡಗಳಲ್ಲಿ ಯಾರ್ಯಾರಿದ್ದರು?

ಫ್ಲಮೆಂಗೊ: ಗೋಲಿನಲ್ಲಿ ರಾವುಲ್. ಹಿಂದೆ ಲಿಯಾಂಡ್ರೊ, ಮರೀನ್ಯೊ, ಮೋಜರ್, ಜೂನಿಯರ್. ನಡುವೆ ಆಂಡ್ರಾಡೆ, ಅಡೀಲಿಯೊ, ಜಿಕೋ. ಮುಂದೆ ಟೀಟಾ, ನೂನೆಸ್, ಲೀಕೊ. ಕೋಚ್ ಪಾವುಲೊ ಸೆಜಾರ್ ಕಾರ್ಪೆಜಿಯಾನಿ. ಅವರಿಗೆ ಆಗ 32 ವರ್ಷ. ಅದೇ ವರ್ಷದವರೆಗೆ ಇವರ ಜೊತೆಯಲ್ಲೇ ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದರು.

ಈ ಹನ್ನೊಂದರಲ್ಲಿ ಲಿಯಾಂಡ್ರೊ, ಮೋಜರ್, ಜೂನಿಯರ್, ಆಂಡ್ರಾಡೆ, ಅಡೀಲಿಯೊ, ಜಿಕೋ, ಟೀಟಾ ಏಳೂ ಮಂದಿ ಕ್ಲಬ್‌ನ ಕಿರಿಯರ ತಂಡದಿಂದ ಬಂದವರು. ಚಿಕ್ಕಂದಿನಿಂದ ಒಂದೇ ಅಂಗಳದಲ್ಲಿ ಆಡಿದವರು. ಒಬ್ಬ ಎಲ್ಲಿ ಓಡುತ್ತಾನೆ ಅಂತ ಇನ್ನೊಬ್ಬನಿಗೆ ನೋಡದೆಯೇ ಗೊತ್ತು. ಇಂಥ ತಂಡವನ್ನು ದುಡ್ಡು ಕೊಟ್ಟು ಕೊಳ್ಳಲು ಆಗಲ್ಲ.

ಲಿವರ್‌ಪೂಲ್: ಬ್ರೂಸ್ ಗ್ರೊಬೆಲಾರ್, ಫಿಲ್ ನೀಲ್, ಫಿಲ್ ಥಾಂಪ್ಸನ್, ಅಲನ್ ಹ್ಯಾನ್ಸನ್, ಮಾರ್ಕ್ ಲಾರೆನ್ಸನ್, ರೇ ಕೆನಡಿ, ಸ್ಯಾಮಿ ಲೀ, ಗ್ರೇಮ್ ಸೂನೆಸ್, ಟೆರಿ ಮೆಕ್‌ಡರ್ಮಟ್, ಕೆನ್ನಿ ಡಾಲ್ಗ್ಲಿಶ್, ಕ್ರೇಗ್ ಜಾನ್‌ಸ್ಟನ್. ಮೆಕ್‌ಡರ್ಮಟ್ ಬದಲಿಗೆ ಡೇವಿಡ್ ಜಾನ್ಸನ್ ದ್ವಿತೀಯಾರ್ಧದಲ್ಲಿ ಬಂದರು.

ಮೂರು ಗೋಲು ಹೇಗೆ ಬಂದವು?

ಮೊದಲನೆಯದು. ಜಿಕೋ ಚೆಂಡನ್ನು ಇಂಗ್ಲಿಷ್ ಡಿಫೆಂಡರ್‌ಗಳ ತಲೆ ಮೇಲಿಂದ ಮೆಲ್ಲಗೆ ಎತ್ತಿ ಹಾಕಿದರು. ಥಾಂಪ್ಸನ್ ಹಾರಿದರು, ಸಿಗಲಿಲ್ಲ. ಹಿಂದಿನಿಂದ ನೂನೆಸ್ ನುಗ್ಗಿದರು. ಗ್ರೊಬೆಲಾರ್ ಮುಂದೆ ಬಂದಿದ್ದರು. ನೂನೆಸ್ ಅವರನ್ನು ದಾಟಿಸಿ ಚೆಂಡನ್ನು ಒಳಗೆ ಕಳಿಸಿದರು. ಈ ಗೋಲಿನಲ್ಲಿ ನನಗೆ ಅತಿ ಇಷ್ಟವಾದದ್ದು ಆ ಪಾಸ್‌ನ ತೂಕ. ಸ್ವಲ್ಪ ಜೋರಾಗಿದ್ದರೆ ಗೋಲ್‌ಕೀಪರ್ ಕೈಗೆ. ಸ್ವಲ್ಪ ಮೆಲ್ಲಗಿದ್ದರೆ ಥಾಂಪ್ಸನ್ ತಲೆಗೆ.

ಎರಡನೆಯದು ಜಿಕೋ ಫ್ರೀಕಿಕ್‌ನಿಂದ. ಗ್ರೊಬೆಲಾರ್‌ಗೆ ಚೆಂಡು ಹಿಡಿತಕ್ಕೆ ಸಿಗಲಿಲ್ಲ. ಗೋಲಿನ ಮುಂದೆ ನೂಕುನುಗ್ಗಲು. ಅಡೀಲಿಯೊ ಸಿಕ್ಕಿದ್ದನ್ನು ಒಳಗೆ ತಳ್ಳಿದರು. ಅಂದವಾದ ಗೋಲಲ್ಲ, ಆದರೆ ಪಂದ್ಯದ ಬೆನ್ನು ಮುರಿದ ಗೋಲು.

ಮೂರನೆಯದು ಮತ್ತೆ ಜಿಕೋ ಪಾಸ್, ಮತ್ತೆ ನೂನೆಸ್. ಬಲಗಡೆಯಿಂದ ಓಡಿ ಬಂದು ನೆಲಕ್ಕೆ ಅಂಟಿದಂತೆ ಅಡ್ಡಲಾಗಿ ಹೊಡೆದರು. ದೂರದ ಮೂಲೆಗೆ ಹೋಯಿತು.

ಜಿಕೋ ಒಂದೂ ಗೋಲು ಹೊಡೆಯಲಿಲ್ಲ. ಆದರೂ ಪಂದ್ಯದ ಶ್ರೇಷ್ಠ ಆಟಗಾರ ಅಂತ ಅವರನ್ನು ಯಾಕೆ ಆರಿಸಿದರು?

ಮೂರೂ ಗೋಲು ಅವರ ಕಾಲಿನಿಂದ ಶುರುವಾದವು. ಇಷ್ಟೇ ಸಾಕು. ಆದರೂ ಇನ್ನೊಂದು ಮಾತು ಹೇಳುತ್ತೇನೆ. ಆ ವರ್ಷದ ಲಿಬರ್ತದೋರೆಸ್‌ನಲ್ಲಿ ಅವರು 11 ಗೋಲು ಹೊಡೆದಿದ್ದರು. ಟೋಕಿಯೊದಲ್ಲಿ ಲಿವರ್‌ಪೂಲ್ ಅವರ ಹೊಡೆತಕ್ಕೆ ಕಾಯುತ್ತಿತ್ತು, ಅವರು ಪಾಸ್ ಕೊಟ್ಟರು. ಗೋಲು ಹೊಡೆಯುವುದನ್ನೇ ಜೀವನ ಮಾಡಿಕೊಂಡವನು ಜಗತ್ತಿನ ಅತಿ ದೊಡ್ಡ ಪಂದ್ಯದಲ್ಲಿ ಇನ್ನೊಬ್ಬನ ಕಾಲಿಗೆ ಚೆಂಡು ಇಡುವುದು ಸಣ್ಣ ವಿಷಯ ಅಲ್ಲ.

ಅವರ ನಿಜವಾದ ಹೆಸರು ಆರ್ತುರ್ ಆಂಟುನೆಸ್ ಕೊಯಿಂಬ್ರಾ. ರಿಯೊದ ಕಿಂಚೀನೊ ಬಡಾವಣೆಯ ಹುಡುಗ. ಶ್ರೇಷ್ಠ ಆಟಗಾರನಿಗೆ ಟೊಯೊಟಾ ಕಾರು ಕೊಡುವ ಪದ್ಧತಿ ಆ ಪಂದ್ಯಾವಳಿಯಲ್ಲಿತ್ತು. ಆ ದಿನ ಜಿಕೋಗೆ ಕಾರು ಸಿಕ್ಕಿತು.

ನೂನೆಸ್ ಬಗ್ಗೆ ಯಾಕೆ ಯಾರೂ ಜಾಸ್ತಿ ಮಾತಾಡಲ್ಲ?

ನಮ್ಮ ಕಡೆ ಮಾತಾಡಲ್ಲ, ರಿಯೊದಲ್ಲಿ ಖಂಡಿತ ಮಾತಾಡುತ್ತಾರೆ. ಅಲ್ಲಿ ಅವರಿಗೆ ‘ನಿರ್ಣಾಯಕ ಪಂದ್ಯಗಳ ಗೋಲುಗಾರ’ ಅಂತಲೇ ಹೆಸರು. 1980ರ ಬ್ರೆಜಿಲ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಎರಡು ಗೋಲು. ಟೋಕಿಯೊದಲ್ಲಿ ಎರಡು. 1982ರಲ್ಲಿ ಗ್ರೇಮಿಯೊ ವಿರುದ್ಧದ ಫೈನಲ್‌ನ ನಿರ್ಣಾಯಕ ಪಂದ್ಯದ ಒಂದೇ ಗೋಲು ಕೂಡ ಅವರದೇ. ಜಿಕೋ ಪಾಸ್ ಎಷ್ಟೇ ಚೆನ್ನಾಗಿದ್ದರೂ ಆ ಜಾಗಕ್ಕೆ ಯಾರಾದರೂ ಓಡಿ ತಲುಪಬೇಕಲ್ಲ?

ಲಿವರ್‌ಪೂಲ್ ಈ ಪಂದ್ಯವನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ ಅನ್ನುತ್ತಾರೆ. ನಿಜವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಉತ್ತರ ನೇರವಾಗಿದೆ: ಅರ್ಧ ನಿಜ. ಆದರೆ ಆ ಅರ್ಧ ನಿಜವನ್ನು ಹಿಡಿದು ಫ್ಲಮೆಂಗೊ ಗೆಲುವನ್ನು ಕಡಿಮೆ ಮಾಡುವುದು ಅನ್ಯಾಯ.

ನಿಜ ಇರುವ ಭಾಗ ಮೊದಲು. ಇಂಗ್ಲೆಂಡಿನಲ್ಲಿ ಈ ಕಪ್‌ಗೆ ಬೆಲೆ ಕಡಿಮೆ ಇತ್ತು. ಲೀಗ್ ನಡುವೆ ಜಪಾನ್‌ವರೆಗೆ ಹೋಗಿ ಬರುವುದು ಅಲ್ಲಿನವರಿಗೆ ಕಿರಿಕಿರಿ. ಲಿವರ್‌ಪೂಲ್ ಆ ತಿಂಗಳು ಒಳ್ಳೆಯ ಲಯದಲ್ಲೂ ಇರಲಿಲ್ಲ. ಕ್ರಿಸ್‌ಮಸ್ ಮರುದಿನ ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಮನೆಯಲ್ಲೇ 1–3 ಸೋತು ಲೀಗ್ ಪಟ್ಟಿಯ ನಡುಭಾಗಕ್ಕೆ ಇಳಿದಿತ್ತು. ಗ್ರೊಬೆಲಾರ್‌ಗೆ ಅದು ಮೊದಲ ಸೀಸನ್.

ಇನ್ನೊಂದು ಭಾಗ ಕೇಳಿ. ಪೇಸ್ಲಿ ಎರಡನೇ ದರ್ಜೆ ತಂಡ ಕಳಿಸಲಿಲ್ಲ. ಡಾಲ್ಗ್ಲಿಶ್, ಸೂನೆಸ್, ಹ್ಯಾನ್ಸನ್, ನೀಲ್ ಎಲ್ಲರೂ ಆಡಿದರು. ಅದೇ ಸೀಸನ್ ಕೊನೆಗೆ ಆ ತಂಡವೇ ಇಂಗ್ಲಿಷ್ ಲೀಗ್ ಗೆದ್ದಿತು. ಪ್ರಯಾಣದ ದಣಿವು ಅಂತೀರಾ? ರಿಯೊದಿಂದ ಟೋಕಿಯೊ ಅಂದರೆ ಭೂಮಿಯ ಆ ಬದಿಯಿಂದ ಈ ಬದಿಗೆ. ಗಡಿಯಾರದಲ್ಲಿ ಸರಿಯಾಗಿ 12 ಗಂಟೆ ವ್ಯತ್ಯಾಸ. ಮೂರು ವಾರದಲ್ಲಿ ಎರಡು ಫೈನಲ್ ಆಡಿ, ತಮ್ಮನ್ನು ಬೆಳೆಸಿದವರನ್ನು ಕಳೆದುಕೊಂಡು, ಅಷ್ಟು ದೂರ ಬಂದವರು ಫ್ಲಮೆಂಗೊ ಆಟಗಾರರು. ದಣಿವಿನ ಲೆಕ್ಕ ಹಾಕಿದರೆ ಅವರದೇ ಜಾಸ್ತಿ.

ಪಂದ್ಯ ನೋಡಿದರೆ ನನಗೆ ಕಾಣುವುದು ಉದಾಸೀನ ಅಲ್ಲ. ಲಿವರ್‌ಪೂಲ್ ಡಿಫೆಂಡರ್‌ಗಳು ಇಂಗ್ಲೆಂಡಿನಲ್ಲಿ ಆಡುವ ಹಾಗೆಯೇ ಸಾಲಾಗಿ ಮುಂದೆ ಬಂದು ನಿಂತರು. ಅಲ್ಲಿ ಆ ಸಾಲಿನ ಹಿಂದೆ ಜಾಗ ಇದ್ದರೂ ಅದನ್ನು ಕಂಡು ಚೆಂಡು ಇಡುವವರು ಕಡಿಮೆ. ಇಲ್ಲಿ ಜಿಕೋ ಇದ್ದರು. ಜೂನಿಯರ್ ಮತ್ತು ಲಿಯಾಂಡ್ರೊ ಹೆಸರಿಗೆ ಮಾತ್ರ ಡಿಫೆಂಡರ್‌ಗಳು, ಮಿಡ್‌ಫೀಲ್ಡರ್‌ಗಳ ಹಾಗೆ ಮುಂದೆ ಬರುತ್ತಿದ್ದರು. ಯಾರನ್ನು ಯಾರು ಹಿಡಿಯಬೇಕು ಅಂತ ಗೊತ್ತಾಗುವಷ್ಟರಲ್ಲಿ ಮೂರು ಗೋಲಾಗಿತ್ತು.

ಇನ್ನೊಂದು ಸಾಕ್ಷಿ ಇದೆ. ಟೋಕಿಯೊದಲ್ಲಿ ಮೊದಲ ಐದು ಸಲವೂ ಗೆದ್ದದ್ದು ದಕ್ಷಿಣ ಅಮೆರಿಕದವರೇ. ನಾಸಿಯೊನಲ್, ಫ್ಲಮೆಂಗೊ, ಪೆನ್ಯರೋಲ್, ಗ್ರೇಮಿಯೊ, ಇಂಡಿಪೆಂಡಿಯೆಂಟೆ. ಕೊನೆಯದರಲ್ಲಿ, 1984ರಲ್ಲಿ, ಸೋತದ್ದು ಮತ್ತೆ ಲಿವರ್‌ಪೂಲ್. ಯುರೋಪಿನವರು ಮೊದಲು ಗೆದ್ದದ್ದು 1985ರಲ್ಲಿ, ಜುವೆಂಟಸ್, ಅದೂ ಪೆನಾಲ್ಟಿಯಲ್ಲಿ. ಐದಕ್ಕೈದು ಸಲವೂ ಯುರೋಪಿನ ತಂಡಗಳು ಮನಸ್ಸಿಲ್ಲದೆ ಆಡಿದವು ಅಂದರೆ ನನಗೆ ನಂಬಿಕೆ ಬರಲ್ಲ.

ದ್ವಿತೀಯಾರ್ಧ ನೋಡುವಂಥದ್ದಾ?

ಗೋಲಿಗಾಗಿ ಅಲ್ಲ, ಚೆಂಡು ಇಟ್ಟುಕೊಳ್ಳುವುದನ್ನು ನೋಡಲು. ಫ್ಲಮೆಂಗೊ ಅವಸರ ಮಾಡಲಿಲ್ಲ. ಆಂಡ್ರಾಡೆಯಿಂದ ಅಡೀಲಿಯೊಗೆ, ಅಡೀಲಿಯೊಯಿಂದ ಜೂನಿಯರ್‌ಗೆ, ಮತ್ತೆ ಹಿಂದಕ್ಕೆ. ಸೂನೆಸ್‌ರಂಥ ಗಟ್ಟಿ ಆಟಗಾರ ಚೆಂಡಿನ ಹಿಂದೆ ಓಡಬೇಕಾಯಿತು. ಇಂಗ್ಲಿಷರನ್ನು ನಡುವೆ ನಿಲ್ಲಿಸಿ ಸುತ್ತ ಚೆಂಡಾಡಿದ್ದನ್ನು ಫ್ಲಮೆಂಗೊ ಅಭಿಮಾನಿಗಳು ಇವತ್ತಿಗೂ ಮರಕಾನಾದಲ್ಲಿ ಹಾಡಿ ನೆನೆಯುತ್ತಾರೆ. ಆ ವರ್ಷ ಹುಟ್ಟಿರದ ಹುಡುಗರೂ ಹಾಡುತ್ತಾರೆ.

ಬ್ರೆಜಿಲ್‌ನಲ್ಲಿ ಜನ ನೇರವಾಗಿ ನೋಡಿದರಾ?

ಹೌದು, ಟಿವಿಯಲ್ಲಿ. ಟೋಕಿಯೊದಲ್ಲಿ ನಡು ಮಧ್ಯಾಹ್ನ, ರಿಯೊದಲ್ಲಿ ನಡುರಾತ್ರಿ. ಶನಿವಾರ ಕಳೆದು ಭಾನುವಾರ ಹುಟ್ಟುವ ಹೊತ್ತಿಗೆ ಪಂದ್ಯ ಶುರು. ಫ್ಲಮೆಂಗೊ ಎಂದಿನ ಕೆಂಪು–ಕಪ್ಪು ಪಟ್ಟೆ ಅಂಗಿ ಬಿಟ್ಟು ಬಿಳಿ ಅಂಗಿ ಹಾಕಿತ್ತು. ಹಾಗಾಗಿ ಹಳೆಯ ವಿಡಿಯೊ ನೋಡುವವರು ಕೆಂಪು ತಂಡವೇ ಫ್ಲಮೆಂಗೊ ಅಂದುಕೊಳ್ಳುವುದುಂಟು. ಕೆಂಪು ಅಂಗಿಯವರು ಲಿವರ್‌ಪೂಲ್.

ಫಿಫಾ ಇದನ್ನು ವಿಶ್ವ ಚಾಂಪಿಯನ್ ಪಟ್ಟ ಅಂತ ಒಪ್ಪಿದೆಯಾ?

ಒಪ್ಪಿದೆ, ಆದರೆ ಬಹಳ ತಡವಾಗಿ. ಈ ಕಪ್ ನಡೆಸುತ್ತಿದ್ದದ್ದು ಯುರೋಪ್ ಮತ್ತು ದಕ್ಷಿಣ ಅಮೆರಿಕದ ಸಂಸ್ಥೆಗಳು, ಫಿಫಾ ಅಲ್ಲ. 2004ಕ್ಕೆ ಈ ಕಪ್ ಕೊನೆಯಾಯಿತು. ಆಮೇಲೆ ಆ ಜಾಗಕ್ಕೆ ಫಿಫಾದ ಕ್ಲಬ್ ವಿಶ್ವಕಪ್ ಬಂತು. 1960ರಿಂದ 2004ರವರೆಗೆ ಗೆದ್ದವರೆಲ್ಲ ವಿಶ್ವ ಚಾಂಪಿಯನ್ನರೇ ಅಂತ ಫಿಫಾ ಮಂಡಳಿ ತೀರ್ಮಾನ ಮಾಡಿದ್ದು 2017ರ ಅಕ್ಟೋಬರ್‌ನಲ್ಲಿ. ಆ ಸಭೆ ನಡೆದದ್ದು ನಮ್ಮ ಕೋಲ್ಕತ್ತಾದಲ್ಲಿ! 17 ವರ್ಷದೊಳಗಿನವರ ವಿಶ್ವಕಪ್ ಇಲ್ಲಿ ನಡೆಯುತ್ತಿದ್ದ ಸಮಯ ಅದು.

ಫ್ಲಮೆಂಗೊ ಜನ ಆ ಕಾಗದಕ್ಕೆ 36 ವರ್ಷ ಕಾದು ಕೂತಿರಲಿಲ್ಲ. ಅವರ ಪಾಲಿಗೆ ಅದು 1981ರಲ್ಲೇ ಮುಗಿದ ವಿಷಯ.

ಈ ಎರಡು ತಂಡ ಮತ್ತೆ ಎದುರಾದವಾ?

ಆದವು. 2019ರ ಡಿಸೆಂಬರ್ 21ರಂದು, ಕತಾರಿನ ದೋಹಾದಲ್ಲಿ, ಕ್ಲಬ್ ವಿಶ್ವಕಪ್ ಫೈನಲ್. 38 ವರ್ಷದ ನಂತರ. 90 ನಿಮಿಷ 0–0. ಹೆಚ್ಚುವರಿ ಸಮಯದಲ್ಲಿ ರಾಬರ್ಟೊ ಫಿರ್ಮಿನೊ ಗೋಲು ಹೊಡೆದು ಲಿವರ್‌ಪೂಲ್ 1–0 ಗೆದ್ದಿತು. ಫಿರ್ಮಿನೊ ಬ್ರೆಜಿಲ್‌ನವರು. ಲಿವರ್‌ಪೂಲ್ ಗೋಲ್‌ಕೀಪರ್ ಅಲಿಸನ್ ಕೂಡ ಬ್ರೆಜಿಲ್‌ನವರೇ. 1981ರಲ್ಲಿ ಫ್ಲಮೆಂಗೊದ ಹನ್ನೊಂದೂ ಜನ ಬ್ರೆಜಿಲ್‌ನಲ್ಲೇ ಆಡುತ್ತಿದ್ದವರು. 2019ಕ್ಕೆ ಅಲ್ಲಿನ ಒಳ್ಳೆಯ ಆಟಗಾರರು ಹುಡುಗರಾಗಿದ್ದಾಗಲೇ ಯುರೋಪಿಗೆ ಹೋಗಿಬಿಟ್ಟಿರುತ್ತಾರೆ. ಎರಡು ಫೈನಲ್ ನಡುವೆ ಫುಟ್‌ಬಾಲ್ ಹಣದ ದಾರಿ ಹೇಗೆ ಬದಲಾಯಿತು ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆ ಆಟಗಾರರು ಮುಂದೆ ಏನಾದರು? ನಮ್ಮ ಕಡೆಗೆ ಯಾರಾದರೂ ಬಂದಿದ್ದರಾ?

ಜಿಕೋ ಬಂದಿದ್ದರು! ಅದಕ್ಕೂ ಮೊದಲು ಜಪಾನ್ ವಿಷಯ ಹೇಳಿಬಿಡುತ್ತೇನೆ. ಟೋಕಿಯೊದಲ್ಲಿ ಆಡಿದ ಹತ್ತು ವರ್ಷದ ನಂತರ, 1991ರಲ್ಲಿ, ಅವರು ಜಪಾನ್‌ನ ಕಾರ್ಖಾನೆ ತಂಡವೊಂದಕ್ಕೆ ಆಡಲು ಹೋದರು. ಆ ತಂಡವೇ ಮುಂದೆ ಕಾಶಿಮಾ ಆಂಟ್ಲರ್ಸ್ ಆಯಿತು. 1993ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಶುರುವಾದಾಗ ಮೊದಲ ಸುತ್ತಲ್ಲೇ ಹ್ಯಾಟ್ರಿಕ್ ಹೊಡೆದರು. ವಯಸ್ಸು 40. ಆಮೇಲೆ 2002ರಿಂದ 2006ರವರೆಗೆ ಜಪಾನ್ ರಾಷ್ಟ್ರೀಯ ತಂಡದ ಕೋಚ್.

ಇನ್ನು ನಮ್ಮ ಪಕ್ಕಕ್ಕೆ ಬರೋಣ. ಇಂಡಿಯನ್ ಸೂಪರ್ ಲೀಗ್‌ನ ಮೊದಲ ಮೂರು ಸೀಸನ್, 2014ರಿಂದ 2016ರವರೆಗೆ, ಅವರು ಎಫ್‌ಸಿ ಗೋವಾ ಕೋಚ್ ಆಗಿದ್ದರು. 2015ರಲ್ಲಿ ತಂಡವನ್ನು ಫೈನಲ್‌ವರೆಗೆ ತಂದರು. ಮಡಗಾಂವ್‌ನಲ್ಲಿ ಚೆನ್ನೈಯಿನ್ ವಿರುದ್ಧ 2–3 ಸೋತರು. ಕಾರವಾರದಿಂದ ರೈಲು ಹತ್ತಿದರೆ ಬೇಗ ತಲುಪುವ ಊರು ಅದು. ಲಿವರ್‌ಪೂಲ್ ಡಿಫೆಂಡರ್‌ಗಳ ತಲೆ ಮೇಲಿಂದ ಆ ಚೆಂಡು ಹಾಕಿದ ಮನುಷ್ಯ ಅಲ್ಲಿ ಮೈದಾನದ ಬದಿಯಲ್ಲಿ ನಿಂತಿದ್ದರು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜಿಕೋ, ಜೂನಿಯರ್, ಲಿಯಾಂಡ್ರೊ ಮೂವರೂ 1982ರ ವಿಶ್ವಕಪ್‌ನ ಬ್ರೆಜಿಲ್ ತಂಡದಲ್ಲಿದ್ದರು. ಕಪ್ ಗೆಲ್ಲದಿದ್ದರೂ ಜನ ಮರೆಯದ ತಂಡ ಅದು. ಆಂಡ್ರಾಡೆ 2009ರಲ್ಲಿ ಕೋಚ್ ಆಗಿ ಫ್ಲಮೆಂಗೊಗೆ ಬ್ರೆಜಿಲ್ ಚಾಂಪಿಯನ್ ಪಟ್ಟ ತಂದುಕೊಟ್ಟರು.

ಅಡೀಲಿಯೊ?

2024ರ ಆಗಸ್ಟ್‌ನಲ್ಲಿ ತೀರಿಕೊಂಡರು. ಎರಡನೇ ಗೋಲು ಹೊಡೆದವರು. ರಿಯೊದ ಲೆಬ್ಲಾನ್‌ನಲ್ಲಿ ಬಡವರಿಗಾಗಿ ಕಟ್ಟಿದ ಕ್ರುಜಾಡಾ ಸಾವೊ ಸೆಬಾಸ್ಟಿಯಾವೊ ವಸತಿಯಲ್ಲಿ ಬೆಳೆದವರು. ಅಲ್ಲಿಂದ ಫ್ಲಮೆಂಗೊ ಕ್ಲಬ್ ನಡೆದು ಹೋಗುವಷ್ಟು ಹತ್ತಿರ. ಆ ಹತ್ತಿರದ ಅಂಗಳದಲ್ಲಿ ಕಲಿತ ಆಟವನ್ನೇ ಅವರು ಟೋಕಿಯೊದಲ್ಲಿ ಆಡಿದ್ದು. ವಿಡಿಯೊ ಸಿಕ್ಕರೆ ಜಿಕೋ ಮೇಲಿಂದ ಒಂದು ಹತ್ತು ನಿಮಿಷ ಕಣ್ಣು ತೆಗೆದು 8ನೇ ನಂಬರಿನವರನ್ನೇ ನೋಡಿ.